ಎಡಗೈಯಲ್ಲಿ ಹಿಡಿದ ಉತ್ತರದ ದಾರಿ

ಸ್ಟೇಷನ್ ರಸ್ತೆಯ ಮೂಲೆಯಲ್ಲಿದ್ದ ಫೋಟೋ ಸ್ಟುಡಿಯೋದ ಒಡತಿಗೆ ಹೆತ್ತವರು ಇಟ್ಟ ಹೆಸರು ಅಂಗಡಿಯ ಪರವಾನಗಿಯಲ್ಲಿ ಮಾತ್ರ ಉಳಿದಿತ್ತು. ಬೀದಿಯವರ ಬಾಯಲ್ಲಿ ಅವಳು ‘ಅಲುಗಾಡ್ಬೇಡಿ ಅಕ್ಕ’. ನೌಕರಿಯ ಅರ್ಜಿಗೆ, ಪಾಸ್‌ಪೋರ್ಟಿಗೆ, ಮದುವೆ ಮಾತುಕತೆಗೆ, ಕಡೆಗೆ ಗೋಡೆಯ ಮೇಲೆ ತೂಗುಹಾಕಲಿಕ್ಕೆ ಎಂದು ಒಂದಲ್ಲ ಒಂದು ನೆಪದಲ್ಲಿ ಆ ಬೀದಿಯವರೆಲ್ಲ ಅವಳ ತಿರುಗು ಸ್ಟೂಲಿನ ಮೇಲೆ ಕೂತವರೇ. ಅವಳು ಬಂದು ಬೆರಳಿನಿಂದ ಗದ್ದವನ್ನು ತುಸು ಎತ್ತುತ್ತಿದ್ದಳು, ಕಾಲರ್ ಎಳೆದು ಸರಿಮಾಡುತ್ತಿದ್ದಳು, ಹಿಂದೆ ಸರಿದು ‘ಅಲುಗಾಡ್ಬೇಡಿ’ ಎನ್ನುತ್ತಿದ್ದಳು. ಹಾಗೆಂದ ಮೇಲೆ ಗುತ್ತಿಗೆದಾರನೇ ಆಗಲಿ, ಹಾಲುಗಲ್ಲದ ಕೂಸೇ ಆಗಲಿ, ಉಸಿರು ಬಿಗಿಹಿಡಿಯಲೇಬೇಕು. ಅವಳ ದನಿಯಲ್ಲಿ ಸಿಟ್ಟು ಇರುತ್ತಿರಲಿಲ್ಲ, ಆದರೂ ಮೀರುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಇಡೀ ದಿನ ಜನರನ್ನು ಅಲುಗದ ಹಾಗೆ ಕೂರಿಸುವ ಈ ಹೆಂಗಸಿಗೆ ಪ್ರೀತಿಯಿದ್ದದ್ದು ಮಾತ್ರ ಒಂದು ಗಳಿಗೆ ನಿಲ್ಲದ ವಸ್ತುಗಳ ಮೇಲೆ. ಸ್ಟುಡಿಯೋದ ಹಿಂದಿನ ಕೋಣೆ ಹಿಂದೊಮ್ಮೆ ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯಾಗಿತ್ತು. ಫಿಲ್ಮಿನ ಕಾಲ ಮುಗಿದ ಮೇಲೆ ಅದರ ಕಿಟಕಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ಕಿತ್ತುಹಾಕಿದಳು. ಹೊರಗೆ ಗೂಡ್ಸ್ ಯಾರ್ಡು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಆ ಕಿಟಕಿಗೆ ಆತುಕೊಂಡು ಡಬ್ಬಿಗಳನ್ನು ಎಳೆದಾಡುವ ಎಂಜಿನ್ನುಗಳನ್ನು, ಬಿಸಿಲಿಗೆ ಹೊಳೆಯುವ ಹಳಿಗಳನ್ನು, ಕೈಬೀಸುವ ಚಾಲಕರನ್ನು ಹಿಡಿಯುತ್ತಿದ್ದಳು. ಯಾರ್ಡಿನ ಆಚೆಗೆ ಕುಯ್ಲಾದ ಹೊಲಗಳು. ಚಳಿಗಾಲವೆಲ್ಲ ಅಲ್ಲಿ ಹೆಬ್ಬಾತುಗಳು ಮೇಯುತ್ತಿದ್ದವು. ಸಾಕಿದ ಬಾತುಗಳಿಗಿಂತ ದೊಡ್ಡವು, ಉದ್ದ ಕತ್ತಿನವು, ದೂರದ ತಣ್ಣನೆಯ ನಾಡಿನಿಂದ ಬಂದವು. ಚಳಿ ಸಡಿಲವಾದ ಕೂಡಲೇ ಅವು ಎದ್ದು, ಸ್ಟೇಷನ್ನಿನ ಮೇಲೆ ಒಂದು ಸುತ್ತು ಹಾಕಿ, ನದಿಯ ಗುಂಟ ಉತ್ತರಕ್ಕೆ ಹೊರಟುಬಿಡುತ್ತಿದ್ದವು. ರೈಲಿನ ಹಳಿಯೂ ನದಿಯ ಗುಂಟವೇ ಉತ್ತರಕ್ಕೆ ಹೋಗುತ್ತಿತ್ತು.

ಒಮ್ಮೆ, ಅವಳಿನ್ನೂ ಹರೆಯದಲ್ಲಿದ್ದಾಗ, ಬೆಳಗಿನ ಪ್ಯಾಸೆಂಜರ್ ಗಾಡಿ ಹೊರಟ ಹೊತ್ತಿಗೇ ಹಕ್ಕಿಗಳ ಹಿಂಡು ಅದರ ಮೇಲೆಯೇ ಹಾರಿಹೋದದ್ದನ್ನು ಕಂಡಳು. ಕೆಳಗೆ ಗಾಡಿ, ಮೇಲೆ ಹಿಂಡು, ಎರಡೂ ಒಂದೇ ದಿಕ್ಕಿಗೆ, ಒಂದಕ್ಕೊಂದು ಪೈಪೋಟಿ ಕಟ್ಟಿದ ಹಾಗೆ. ಕ್ಯಾಮೆರಾ ಮುಂದಿನ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲಿತ್ತು, ಎದುರಿಗೆ ಗಿರಾಕಿ ಉಸಿರು ಹಿಡಿದು ಕೂತಿದ್ದ. ಅವಳು ಹೋಗಿ ಅವನ ಫೋಟೋ ತೆಗೆದಳು. ಆದರೆ ತೆಗೆಯದೆ ಬಿಟ್ಟ ಚಿತ್ರ ತಲೆಯಲ್ಲಿ ಮೊಳೆ ಹೊಡೆದು ಕೂತಿತು. ಒಂದಲ್ಲ ಒಂದು ವಸಂತದಲ್ಲಿ ಅವುಗಳ ಜೊತೆಯಲ್ಲೇ ಹಳಿ ಮುಗಿಯುವವರೆಗೂ ಹೋಗಬೇಕು, ದಾರಿಯನ್ನೆಲ್ಲ ಹಿಡಿಯಬೇಕು ಎಂದುಕೊಂಡಳು. ಆ ವರ್ಷ ತಾಯಿ ಹಾಸಿಗೆ ಹಿಡಿದರು. ಮುಂದೆ ತಮ್ಮನ ಓದು ಬಂತು, ಆಮೇಲೆ ಅವನ ಮದುವೆ, ಆಮೇಲೆ ಸ್ಟುಡಿಯೋದ ಸೋರುವ ಮಾಡು. ಹೋಗುವುದು ಮುಂದಕ್ಕೆ ಬೀಳುತ್ತ ಬೀಳುತ್ತ ಅವಳ ಕೂದಲು ನೆರೆಯಿತು.

ಅವಳಿಗೆ ಲಕ್ವ ಹೊಡೆದದ್ದು ಐವತ್ತು ದಾಟಿದ ಮೇಲೆ, ಗಿರಾಕಿಯೊಬ್ಬನ ಕಾಲರ್ ಸರಿಮಾಡುತ್ತಿದ್ದಾಗ. ಕೈ ಅವನ ಎದೆಯ ಮೇಲಿಂದ ಜಾರಿ ಬಿತ್ತು. “ಏನಾಯ್ತಮ್ಮಾ?” ಎಂದು ಅವನು ಕೇಳಿದ್ದು ಅವಳಿಗೆ ಕೇಳಿಸಿತು, ಉತ್ತರ ಕೊಡಲು ನಾಲಿಗೆ ಹೊರಳಲಿಲ್ಲ. ಪುಣ್ಯಕ್ಕೆ ಅವನು ಗಾಬರಿಯಾಗಿ ಓಡಿಹೋಗದೆ ಅವಳನ್ನು ಹೊತ್ತು ಆಸ್ಪತ್ರೆಗೆ ಸೇರಿಸಿದ.

ಮಾತು ಬೇಗ ಮರಳಿತು. ಬಲಗಾಲು ಎಳೆದಾಡುತ್ತ ಮರಳಿತು. ಬಲಗೈ ಮಾತ್ರ ಮರಳಲಿಲ್ಲ, ಪಕ್ಕದಲ್ಲಿ ಯಾರದೋ ಸಾಮಾನಿನ ಹಾಗೆ ತೂಗಾಡುತ್ತಿತ್ತು. ತಮ್ಮ ಅವಳನ್ನು ತನ್ನ ಮನೆಗೆ ಕರೆದುಕೊಂಡು ಬಂದ. ಅವನದು ಮನೆಗಳಿಗೆ ಕರೆಂಟಿನ ವೈರು ಎಳೆಯುವ ಕೆಲಸ. ಮಾತು ಕಡಿಮೆ, ಹಟ ಜಾಸ್ತಿ. ಅವನ ಹೆಂಡತಿ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡವಳು, ಬೀದಿಗೆಲ್ಲ ಟೈಲರಮ್ಮ. ಮಿಷನ್ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

“ಸ್ಟುಡಿಯೋನ ಆ ಮೊಬೈಲ್ ರಿಪೇರಿಯವನು ಬಾಡಿಗೆಗೆ ಕೇಳ್ತಿದಾನೆ,” ಎಂದ ತಮ್ಮ ಒಂದು ಸಂಜೆ. “ಕೊಟ್ಬಿಡೋಣ. ನೀನಿನ್ನು ಆರಾಮಾಗಿರು.”

“ಆರಾಮಾಗಿದ್ದು ಏನ್ ಮಾಡ್ಲಿ?”

“ಏನೂ ಮಾಡಬೇಡ. ಅದನ್ನೇ ಆರಾಮು ಅನ್ನೋದು.”

ಅಕ್ಕ ಸ್ಟುಡಿಯೋದ ಬೀಗದ ಕೈಯನ್ನು ದಿಂಬಿನ ಕೆಳಗಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕ್ಯಾಮೆರಾ ಹಿಡಿದವರಿಗೆ ಗೊತ್ತು: ಗುಂಡಿ ಇರುವುದು ಬಲಗಡೆ. ಎಡಗೈಯವರಿಗೆಂದು ಬೇರೆ ಕ್ಯಾಮೆರಾವನ್ನು ಯಾರೂ ಮಾಡುವುದಿಲ್ಲ. ಅಕ್ಕ ಎಡಗೈಯನ್ನು ಸುತ್ತಿಸಿ ಬಲಗಡೆಗೆ ತಂದು ನೋಡಿದಳು, ತನ್ನ ಮೊಣಕೈಯೇ ಮುಖಕ್ಕೆ ಅಡ್ಡ ಬಂತು. ಗದ್ದದಿಂದ ಒತ್ತಿ ನೋಡಿದಳು. ಹಲ್ಲಿನಲ್ಲಿ ಪೆನ್ಸಿಲ್ ಕಚ್ಚಿಕೊಂಡು ಒತ್ತಿ ನೋಡಿದಳು. ಒಂದು ದಿನ ತೊಡೆಯ ಮೇಲಿಟ್ಟು ಬಟ್ಟೆಯಿಂದ ಒರೆಸುತ್ತಿದ್ದಾಗ ಕ್ಯಾಮೆರಾ ತಲೆಕೆಳಗಾಗಿ ಹೊರಳಿತು. ಹಿಡಿದುಕೊಳ್ಳಲು ಹೋದ ಎಡಗೈಯ ಹೆಬ್ಬೆರಳು ನೇರವಾಗಿ ಗುಂಡಿಯ ಮೇಲೆ ಬಿತ್ತು. ಕ್ಲಿಕ್ ಎಂದಿತು. ಅಕ್ಕ ಪರದೆ ನೋಡಿದಳು. ಚಹಾ ಕೊಡಲು ಬಗ್ಗಿದ್ದ ತಮ್ಮನ ಎರಡು ಮೂಗಿನ ಹೊಳ್ಳೆಗಳು, ಸುರಂಗಗಳ ಹಾಗೆ.

“ಏನದು?” ಎಂದ ತಮ್ಮ.

“ಗಾಡಿ ಬರೋ ಜಾಗ,” ಎಂದಳು ಅಕ್ಕ. ಲಕ್ವ ಹೊಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗು ಒಂದೇ ಕಡೆಗೆ ಎಳೆದುಕೊಂಡು ಹೋಯಿತು, ಅವಳು ಲೆಕ್ಕಿಸಲಿಲ್ಲ.

ಮರುದಿನದಿಂದ ಅವಳು ಕಾಲೆಳೆಯುತ್ತ ಸ್ಟುಡಿಯೋಕ್ಕೆ ಹೋಗಲಾರಂಭಿಸಿದಳು. ಹಿಂದಿನ ಕಿಟಕಿಯ ಮುಂದೆ ಕುರ್ಚಿ ಹಾಕಿ, ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದು, ಎಡ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಅಭ್ಯಾಸಕ್ಕೆ ಕೂತಳು. ಮೊದಮೊದಲು ಬಂದದ್ದು ಬರೀ ಆಕಾಶ, ಕಿಟಕಿಯ ಸರಳು, ಗಾಡಿ ಹೋದ ಮೇಲಿನ ಖಾಲಿ ಹಳಿ. ಭಾರ ತಡೆಯಲಾರದೆ ಕೈ ನಡುಗುತ್ತಿತ್ತು. ಟೈಲರಮ್ಮ ಊಟದ ಡಬ್ಬಿ ತಂದವಳು ಬಾಗಿಲಲ್ಲಿ ನಿಂತು ನೋಡಿದಳು. ಯಾವತ್ತೂ ಇಲ್ಲದ ಹಾಗೆ ಸುಮ್ಮನೆ ನೋಡಿದಳು. ಮನೆಗೆ ಹೋಗಿ ಚೀಲಕ್ಕೆ ಬಳಸುವ ದಪ್ಪ ಪಟ್ಟಿ ತೆಗೆದು, ಕ್ಯಾಮೆರಾದ ಭಾರ ಕೈಯ ಮೇಲೆ ಬೀಳದೆ ಎರಡು ಹೆಗಲ ಮೇಲೆ ಬೀಳುವಂತೆ ಒಂದು ಜೋಲಿ ಹೊಲಿದಳು. ಕಿಟಕಿಯ ಕಟ್ಟೆಯ ಮೇಲೆ ಲೆನ್ಸು ಕೂರಲಿಕ್ಕೆ ಒಣಕಾಳು ತುಂಬಿದ ಪುಟ್ಟ ದಿಂಬನ್ನೂ ಹೊಲಿದಳು.

“ಕಾಳಿಗೆ ಹುಳ ಬಿದ್ರೆ ನಂಗೆ ಹೇಳ್ಬೇಡಿ ಅತ್ತಿಗೆ,” ಎಂದಳು. “ಇಷ್ಟಕ್ಕೂ ಈ ರೈಲಲ್ಲಿ ನೋಡೋಕೆ ಏನಿದೆ ಅಂತ? ನಿನ್ನೆ ಬಂದಿದ್ದೂ ಇದೇ, ಇವತ್ತು ಬಂದಿದ್ದೂ ಇದೇ.”

“ಗಿರಾಕಿಗಳ ರವಿಕೆನೂ ಹಾಗೇ ಅಲ್ವಾ?”

“ಅಯ್ಯೋ, ಅದು ಹೇಗೆ ಒಂದೇ ಆಗುತ್ತೆ? ಒಬ್ಬೊಬ್ಬರ ಭುಜ ಒಂದೊಂದು ಥರ.”

“ಎಂಜಿನ್ನಿಗೂ ಭುಜ ಇರುತ್ತೆ, ನೋಡು.”

ಟೈಲರಮ್ಮ ಬಗ್ಗಿ ನೋಡಿದಳು. ಇದ್ದರೂ ಇರಬಹುದು ಎಂಬಂತೆ ಮುಖ ಮಾಡಿದಳು.

ಚಳಿಗಾಲ ಇಳಿಯುವ ಹೊತ್ತಿಗೆ ಓಡುವ ಗಾಡಿ ಅವಳ ಚೌಕಟ್ಟಿನೊಳಗೆ ನಿಲ್ಲತೊಡಗಿತು. ಹೊಲದಲ್ಲಿ ಹೆಬ್ಬಾತುಗಳು ಚಡಪಡಿಸಲಾರಂಭಿಸಿದ್ದವು. ಅಕ್ಕ ಊಟಕ್ಕೆ ಕೂತಾಗ ವಿಷಯ ತೆಗೆದಳು.

“ನಾನು ಉತ್ತರಕ್ಕೆ ಹೊರಟಿದೀನಿ. ಹಳಿ ಮುಗಿಯೋವರೆಗೂ.”

ತಮ್ಮನ ಕೈ ತಟ್ಟೆಯಲ್ಲೇ ನಿಂತಿತು. “ಹುಚ್ಚಾ ನಿಂಗೆ? ಮೆಟ್ಟಿಲು ಹತ್ತೋಕೆ ಇನ್ನೊಬ್ಬರ ಹೆಗಲು ಬೇಕು. ದಾರೀಲಿ ಬಿದ್ದರೆ?”

“ಎದ್ದೇಳ್ತೀನಿ.”

“ಮತ್ತೆ ಅದೇ ಥರ ಆದ್ರೆ?”

“ಇಲ್ಲಿ ಕೂತ್ರೂ ಆಗಬಹುದು. ಆವಾಗ ನೋಡೋಕೆ ನಿನ್ನ ಗೋಡೆ ಇರುತ್ತೆ, ಅಷ್ಟೇ.”

“ನಾನು ಬಿಡಲ್ಲ ಅಕ್ಕಾ.”

“ನಾನು ಕೇಳ್ತಾ ಇಲ್ಲ ಕಣೋ. ಹೇಳ್ತಾ ಇದೀನಿ.”

ಅವನು ಕೈತೊಳೆದುಕೊಂಡು ಎದ್ದುಹೋದ. ಮುಂದೆ ಎರಡು ದಿನ ಅಕ್ಕ ತಮ್ಮ ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದರು. ಮೂರನೆಯ ದಿನ ಟೈಲರಮ್ಮ ಹೊಲಿಗೆ ಮಿಷನ್ನಿಗೆ ಮುಸುಕು ಹಾಕಿ, ಗಂಡನಿಗೆ ಕೇಳಿಸುವಂತೆ ಹೇಳಿದಳು: “ರೀ, ನಾನೂ ಹೋಗ್ತೀನಿ. ನಂಗೆ ಹಕ್ಕಿನೂ ಬೇಡ, ರೈಲೂ ಬೇಡ. ಆದ್ರೆ ಮದುವೆಯಾದಾಗಿಂದ ಈ ಬೀದಿ ಬಿಟ್ಟು ಕದಲಿಲ್ಲ. ಅತ್ತಿಗೆ ಕಾಲಿಗೆ ನಾನು, ನನ್ನ ಬಾಯಿಗೆ ಅತ್ತಿಗೆ. ನಡೀತದೆ.”

ತಮ್ಮ ಸ್ಟೇಷನ್ನಿಗೆ ಕಳಿಸಲೂ ಬರಲಿಲ್ಲ.

ಹಿಂಡು ಎದ್ದ ಬೆಳಗ್ಗೆಯೇ ಇವರೂ ಪ್ಯಾಸೆಂಜರ್ ಹತ್ತಿದರು. ವೇಗದ ಗಾಡಿಯಲ್ಲಿ ಅಕ್ಕನಿಗೆ ಆಸಕ್ತಿಯಿರಲಿಲ್ಲ. ಕಂಡಕಂಡಲ್ಲಿ ನಿಲ್ಲುವ, ಕಿಟಕಿ ಎತ್ತಲು ಬರುವ ಗಾಡಿಯೇ ಬೇಕಾಗಿತ್ತು. ಕಾಳಿನ ದಿಂಬನ್ನು ಕಿಟಕಿಯ ಕಟ್ಟೆಗೆ ಹಾಕಿ ಕೂತಳು. ಇಟ್ಟಿಗೆ ಗೂಡುಗಳ ಕೆಂಪು ಬಯಲು ಬಂತು, ಹೊಗೆ ನೆಲದ ಮಟ್ಟದಲ್ಲೇ ಹರಿಯುತ್ತಿತ್ತು. ನದಿ ಮರಳ ದಿಬ್ಬಗಳ ನಡುವೆ ಹಲವು ಸೀಳಾಗಿ ಮತ್ತೆ ಕೂಡಿಕೊಂಡಿತು. ಹಳಿ ತಿರುವಿನಲ್ಲಿ ಬಾಗಿದಾಗಲೆಲ್ಲ ತಮ್ಮದೇ ಗಾಡಿಯ ಎಂಜಿನ್ನು ಮುಂದೆ ಕಾಣಿಸುತ್ತಿತ್ತು. ಆ ಗಳಿಗೆಗಾಗಿ ಅಕ್ಕ ಬೆಕ್ಕಿನ ಹಾಗೆ ಕಾಯುತ್ತಿದ್ದಳು. ಟೈಲರಮ್ಮ ಎದುರು ಸೀಟಿನವರ ಜನ್ಮಜಾತಕವನ್ನೆಲ್ಲ ಹೊರಗೆಳೆಯುತ್ತ, ನಡುನಡುವೆ ಅಕ್ಕನ ಜೋಲಿಯ ಪಟ್ಟಿಯನ್ನು ಹಿಡಿದು ಒಳಗೆ ಜಗ್ಗುತ್ತಿದ್ದಳು.

ಟಿಕೆಟ್ ಕಲೆಕ್ಟರು ಬಂದು ನಿಂತ. “ಅಮ್ಮಾ, ಕ್ಯಾಮೆರಾ ಉಲ್ಟಾ ಹಿಡಿದಿದೀರಿ.”

“ಗೊತ್ತು.”

“ಫೋಟೋನೂ ಉಲ್ಟಾ ಬರುತ್ತಲ್ಲ?”

“ಫೋಟೋ ತಿರುಗಿಸಬಹುದು,” ಎಂದಳು ಅಕ್ಕ ಕಣ್ಣು ತೆಗೆಯದೆ. “ಕೈ ತಿರುಗಿಸೋಕಾಗಲ್ಲ.”

ಅವನಿಗೆ ಆಗ ಬಲಗೈ ಕಂಡಿತು. ಮುಂದೆ ಹೋದವನು ಸ್ವಲ್ಪ ಹೊತ್ತಿಗೆ ಮರಳಿ ಬಂದು, ಮುಂದಿನ ಡಬ್ಬಿಯಲ್ಲಿ ಬಿಸಿಲು ಬೀಳದ ಕಡೆಯ ಕಿಟಕಿ ಖಾಲಿಯಿದೆ ಎಂದು ಹೇಳಿಹೋದ.

ಮೊದಲು ಇಳಿದದ್ದು ಜೌಗಿನ ಪಕ್ಕದ ಒಂದು ಸಣ್ಣ ಸ್ಟೇಷನ್ನಿನಲ್ಲಿ. ಹಿಂಡುಗಳು ಅಲ್ಲಿ ತಂಗುತ್ತವೆಂದು ಗಾಡಿಯವರು ಹೇಳಿದ್ದರು. ತಂಗಿದ್ದವು ನಿಜ, ಜೊಂಡಿನ ಹಿಂದೆ ಕಲಕಲ ಕೇಳಿಸುತ್ತಿತ್ತು. ಆದರೆ ಬೆಳಗ್ಗೆ ಮಂಜು ಹಾಲು ಚೆಲ್ಲಿದ ಹಾಗೆ ಕವಿಯಿತು. ಗಾಡಿ ಬಂದದ್ದೂ ಹೋದದ್ದೂ ಬರೀ ಸದ್ದಿನಲ್ಲೇ. ಮಂಜು ಹರಿದಾಗ ಜೌಗು ಖಾಲಿ. ವಾಪಸು ಬರುವಾಗ ಅಕ್ಕನ ಕಾಲು ಕೆಸರಿನಲ್ಲಿ ಹೂತು, ಎಳೆದರೆ ಚಪ್ಪಲಿ ಒಳಗೇ ಉಳಿಯಿತು.

“ಇನ್ನು ಸಾಕಲ್ವಾ ಅತ್ತಿಗೆ?” ಎಂದಳು ಟೈಲರಮ್ಮ, ಮೊಣಕೈವರೆಗೆ ಕೆಸರಿನಲ್ಲಿ ತಡಕಾಡುತ್ತ.

“ಚಪ್ಪಲಿ ಸಿಕ್ತಾ?”

“ಸಿಕ್ತು.”

“ಹಾಗಾದ್ರೆ ನಡಿ, ಮುಂದಿನ ಗಾಡಿ ಹಿಡಿಯೋಣ.”

ಮುಂದೆ ನೆಲ ಏರಿತು. ಹೊಲಗಳು ಕಿರಿದಾದವು, ಕಲ್ಲುಗುಡ್ಡಗಳು ಹತ್ತಿರ ಬಂದವು, ಗಾಳಿಗೆ ಹರಿತ ಬಂತು. ಒಂದು ಊರಿನಲ್ಲಿ ಹಕ್ಕಿಗಳು ಸಿಕ್ಕವು, ಗಾಡಿ ಕೆಟ್ಟು ಬರಲಿಲ್ಲ. ಇನ್ನೊಂದು ಕಡೆ ಗಾಡಿ ಬಂತು, ಹಕ್ಕಿಗಳು ಬೆಟ್ಟದಾಚೆಗೆ ದಾರಿ ಬದಲಿಸಿದ್ದವು. ಅಕ್ಕ ಸಿಕ್ಕಿದ್ದನ್ನು ಬಿಡಲಿಲ್ಲ. ಪ್ಲಾಟ್‌ಫಾರ್ಮಿನ ನಲ್ಲಿಯಡಿ ಮುಖ ತೊಳೆಯುವ ಗಾರ್ಡು, ಸುರಂಗದಿಂದ ಹೊರಬೀಳುವ ಬೆಳಕು, ಮೋಡದ ನೆರಳು ದಾಟುತ್ತಿರುವ ಬೋಳು ಗುಡ್ಡ, ಎಲ್ಲವೂ ತಲೆಕೆಳಗಾದ ಕ್ಯಾಮೆರಾದೊಳಕ್ಕೆ ಹೋದವು. ರಾತ್ರಿ ಕಾಲು ಸೆಳೆದು ನೋವಾಗುತ್ತಿತ್ತು. ಟೈಲರಮ್ಮ ಎಣ್ಣೆ ತಿಕ್ಕುತ್ತ ಬೈಯುತ್ತಿದ್ದಳು. ಅಕ್ಕ ಬೈಸಿಕೊಳ್ಳುತ್ತಲೇ ನಿದ್ದೆ ಹೋಗುತ್ತಿದ್ದಳು.

ಹಳಿ ಮುಗಿಯುವುದಕ್ಕೆ ಮುಂಚಿನ ಸ್ಟೇಷನ್ನಿನ ಆಚೆ ಒಂದು ಆಳವಿಲ್ಲದ ಕೆರೆಯಿತ್ತು. ಅದರ ಒಂದು ಬದಿಯನ್ನು ಸವರಿಕೊಂಡೇ ರೈಲಿನ ಏರಿ ಹೋಗುತ್ತಿತ್ತು. ಇವರು ಹೋದ ಸಂಜೆ ಕೆರೆಯ ತುಂಬ ಹೆಬ್ಬಾತುಗಳು. ಬೆಟ್ಟ ದಾಟುವ ಮುಂಚೆ ಅವು ಇಲ್ಲಿಯೇ ದಣಿವಾರಿಸಿಕೊಳ್ಳುತ್ತವೆಂದು ಸ್ಟೇಷನ್ ಮಾಸ್ತರು ಹೇಳಿದರು. ಮುಖ ಗಂಟಿಕ್ಕಿಕೊಂಡ ಮನುಷ್ಯ, ಆದರೆ ಇಬ್ಬರಿಗೂ ವೇಯ್ಟಿಂಗ್ ರೂಮಿನ ಬೀಗ ತೆಗೆದುಕೊಟ್ಟರು. ಟೈಲರಮ್ಮ ಅವರ ಕೋಟಿನ ಹರಿದ ಜೇಬನ್ನು ಹೊಲಿದುಕೊಟ್ಟಳು. ಅಕ್ಕ ಬಂದ ಕಾರಣವನ್ನು ಅವಳೇ ಸವಿಸ್ತಾರವಾಗಿ ಹೇಳಿದಳು.

ಬೆಳಗ್ಗೆ ಅಕ್ಕ ಕೆರೆಯ ದಂಡೆಯಲ್ಲಿ ಕಾದಳು. ಗಾಡಿ ಏರಿಯ ಮೇಲೆ ಬಂತು, ಹೋಯಿತು. ಹಕ್ಕಿಗಳು ಕತ್ತನ್ನೂ ಎತ್ತಲಿಲ್ಲ. ಮರುದಿನವೂ ಅಷ್ಟೇ.

“ಹೀಗಾದ್ರೆ ಏಳಲ್ಲ ಅವು,” ಎಂದರು ಮಾಸ್ತರು. “ಚಾಲಕ ನನ್ನ ಪರಿಚಯದವನು. ನಾಳೆ ಕೆರೆ ಹತ್ತಿರ ಉದ್ದಕ್ಕೆ ಹಾರ್ನ್ ಹೊಡಿ ಅಂತೀನಿ. ಎಲ್ಲಾ ಒಟ್ಟಿಗೇ ಏಳ್ತವೆ, ನಿಮ್ಮ ಫೋಟೋ ಆಗುತ್ತೆ.”

ಟೈಲರಮ್ಮನ ಮುಖ ಅರಳಿತು. “ಆಯ್ತಲ್ಲ ಅತ್ತಿಗೆ.”

ಅಕ್ಕ ಕೆರೆಯ ಕಡೆ ನೋಡಿದಳು. ಹಕ್ಕಿಗಳು ರೆಕ್ಕೆಯೊಳಗೆ ಮುಖ ಹುದುಗಿಸಿ ತೇಲುತ್ತಿದ್ದವು. ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆಬ್ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಗಿತ್ತು.

“ಬೇಡ ಸಾರ್,” ಎಂದಳು. “ಅವು ಮುಂದೆ ಬೆಟ್ಟ ಹತ್ತಬೇಕು. ನಾನು ದಣಿದು ಮಲಗಿದಾಗ ಯಾರಾದ್ರೂ ಕಿವಿ ಹತ್ರ ಹಾರ್ನ್ ಹೊಡೆದ್ರೆ ನಂಗೆ ಹೇಗಾಗುತ್ತೆ? ಅವು ತಾವಾಗೇ ಎದ್ದಾಗ ಏಳಲಿ.”

“ಏಳದಿದ್ರೆ?”

“ಅಲ್ಲಿವರೆಗೂ ಇರ್ತೀನಿ. ನಿಮ್ಮ ವೇಯ್ಟಿಂಗ್ ರೂಮು ಬೇಕಾದ್ರೆ ಖಾಲಿ ಮಾಡ್ತೀವಿ.”

“ರೂಮಿಗೇನು, ಇರಿ,” ಎಂದು ಮಾಸ್ತರು ಗೊಣಗಿಕೊಂಡು ಒಳಗೆ ಹೋದರು. ಟೈಲರಮ್ಮ ಆ ದಿನವೆಲ್ಲ ಅಕ್ಕನ ಜೊತೆ ಮಾತಾಡಲಿಲ್ಲ. ಅದು ಅವಳ ಜೀವಮಾನದ ದಾಖಲೆ.

ಇದ್ದರು. ಮಳೆ ಬಂತು, ಹೋಯಿತು. ಅಕ್ಕ ದಿನಾ ಬೆಳಗ್ಗೆ ಜೋಲಿ ಬಿಗಿಸಿಕೊಂಡು ದಂಡೆಗೆ ಇಳಿಯುತ್ತಿದ್ದಳು, ಗಾಡಿ ಹೋದ ಮೇಲೆ ಬರಿಗೈಯಲ್ಲಿ ಹತ್ತುತ್ತಿದ್ದಳು. ಕೊನೆಗೊಂದು ಬೆಳಗ್ಗೆ ಗಾಳಿ ತಿರುಗಿತು. ದಕ್ಷಿಣದಿಂದ, ಬೆಚ್ಚಗೆ, ಬೆನ್ನು ನೂಕುವ ಹಾಗೆ ಬೀಸಿತು. ಕೆರೆಯಲ್ಲಿ ಸದ್ದಿನ ಧಾಟಿಯೇ ಬದಲಾಯಿತು. ಒಂದು ಹಕ್ಕಿ ಕತ್ತು ನೀಟಿ ಕೂಗಿತು, ಅದಕ್ಕೆ ಇನ್ನೊಂದು ಓಗೊಟ್ಟಿತು.

“ನನ್ನ ಸೊಂಟ ಹಿಡಿ,” ಎಂದಳು ಅಕ್ಕ.

“ಯಾಕೆ?”

“ಹಿಡಿ ಅಂದ್ರೆ ಹಿಡಿಯೇ.”

ದೂರದಲ್ಲಿ ಗಾಡಿ ತಿರುವಿನಿಂದ ಹೊರಬಂತು. ಅದು ಏರಿಯ ನಡುವಿಗೆ ಬಂದಾಗ ಹಿಂಡಿನ ಒಂದು ಅಂಚು ನೀರನ್ನು ಬಡಿಯುತ್ತ ಓಡಿತು, ಎದ್ದಿತು. ಅದರ ಹಿಂದೆಯೇ ಇಡೀ ಕೆರೆ ಎದ್ದಿತು. ರೆಕ್ಕೆಗಳ ಸದ್ದಿನಲ್ಲಿ ಗಾಡಿಯ ಸದ್ದು ಮುಳುಗಿಹೋಯಿತು. ಅಕ್ಕ ನೀರಿನೊಳಕ್ಕೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಬಲಗಾಲು ಕೈಕೊಟ್ಟಿತು. ಮುಂದಕ್ಕೆ ಬಾಗಿದ ಅವಳನ್ನು ಟೈಲರಮ್ಮ ಹಿಂದಿನಿಂದ ಎರಡೂ ತೋಳಿನಲ್ಲಿ ತಬ್ಬಿ, ಹಿಮ್ಮಡಿ ಊರಿ, ಮೊಳಕಾಲುದ್ದ ನೀರಿನಲ್ಲಿ ಗೂಟದಂತೆ ನಿಂತಳು. ಓರೆಯಾಗಿ ತೂಗುತ್ತಲೇ ಅಕ್ಕ ಒತ್ತಿದಳು, ಮತ್ತೆ ಒತ್ತಿದಳು, ಕಡೆಯ ಡಬ್ಬಿ ದಾಟುವವರೆಗೂ ಒತ್ತುತ್ತಲೇ ಇದ್ದಳು. ಆಮೇಲೆ ಇಬ್ಬರೂ ಒಟ್ಟಿಗೆ ನೀರಿನಲ್ಲಿ ಕುಕ್ಕರಿಸಿದರು. ಕ್ಯಾಮೆರಾ ಹಿಡಿದ ಎಡಗೈ ಮಾತ್ರ ಮೇಲಕ್ಕೆ ಎತ್ತಿಕೊಂಡೇ ಇತ್ತು.

ಹಿಂಡು ಗಾಡಿಯನ್ನು ಹಿಂದೆ ಹಾಕಿ, ಗುಡ್ಡದ ಮೇಲೆ ತೆಳ್ಳಗೆ ಗೆರೆ ಎಳೆದ ಹಾಗೆ ಕಂಡು, ಕರಗಿತು. ಟೈಲರಮ್ಮ ಬಾಯಿ ತೆರೆದುಕೊಂಡು ಆ ಕಡೆಯೇ ನೋಡುತ್ತಿದ್ದಳು. “ಅತ್ತಿಗೆ,” ಎಂದಳು. “ಇದು ಪ್ರತಿ ವರ್ಷ ನಮ್ಮ ಮನೆ ಮೇಲೇ ಹೋಗ್ತಾ ಇತ್ತಾ?”

“ಹೂಂ.”

“ನಾನು ಒಂದ್ಸಲನೂ ತಲೆ ಎತ್ತಲಿಲ್ಲವಲ್ಲ.”

ವೇಯ್ಟಿಂಗ್ ರೂಮಿನಲ್ಲಿ ಬಟ್ಟೆ ಒಣಗಲು ಹಾಕಿ ಒಂದೊಂದೇ ಚಿತ್ರ ನೋಡಿದರು. ಬಹಳಷ್ಟು ಕೆಟ್ಟಿದ್ದವು. ಒಂದರಲ್ಲಿ ಮಾತ್ರ ಗಾಡಿ ಚೌಕಟ್ಟಿನ ಅಡಿಯುದ್ದಕ್ಕೂ ಇತ್ತು, ಅದರ ಮೇಲೆ ಹಕ್ಕಿಗಳು ಆಕಾಶ ತುಂಬಿದ್ದವು. ನೆಲ ಎಡಕ್ಕೆ ವಾಲಿತ್ತು. ಸ್ಟುಡಿಯೋದಲ್ಲಿ ಕೂತು ಅದನ್ನು ಸಮ ಮಾಡುವುದು ಅವಳಿಗೆ ಎಡಗೈಯ ಕೆಲಸವೇ. ಮಾಸ್ತರು ಬಂದು ಬಹಳ ಹೊತ್ತು ನೋಡಿದರು. “ನೆಲ ಓರೆಯಾಗಿದೆ,” ಎಂದರು.

“ನಾವು ಓರೆಯಾಗಿದ್ವಿ ಸಾರ್,” ಎಂದಳು ಅಕ್ಕ. “ಅದು ಹಾಗೇ ಇರಲಿ.”

ಹಳಿ ಮುಗಿಯುವ ಊರಿಗೂ ಹೋದರು. ಅಲ್ಲಿ ಎರಡು ಹಳಿಗಳ ತುದಿಗೆ ಅಡ್ಡ ಮರದ ದಿಮ್ಮಿ, ಅದರಾಚೆ ಹುಲ್ಲು, ಬೆಟ್ಟ. ಅಕ್ಕ ಅದನ್ನೂ ಒಂದು ಹಿಡಿದು, ಬಂದ ಗಾಡಿಯನ್ನೇ ಮರಳಿ ಹತ್ತಿದಳು.

ಊರಿನ ಸ್ಟೇಷನ್ನಿನಲ್ಲಿ ತಮ್ಮ ಕಾದಿದ್ದ. ಪೆಟ್ಟಿಗೆ ತೆಗೆದುಕೊಂಡು, “ತೆಳ್ಳಗಾಗಿದೀಯ,” ಎಂದಷ್ಟೇ ಹೇಳಿ ಮುಂದೆ ನಡೆದ. ಟೈಲರಮ್ಮ ಗಾಡಿಯಿಂದ ಇಳಿಯುತ್ತ ಶುರುಮಾಡಿದ ಕಥೆಯನ್ನು ರಸ್ತೆಯುದ್ದಕ್ಕೂ ಹೇಳುತ್ತ ಬಂದಳು. ತಮ್ಮ ಮನೆಯ ಕಡೆ ತಿರುಗಲಿಲ್ಲ, ಸ್ಟುಡಿಯೋದ ಮುಂದೆ ನಿಂತ. ಅವನ ಬಳಿಯೂ ಒಂದು ಬೀಗದ ಕೈ ಇತ್ತೆಂದು ಅಕ್ಕನಿಗೆ ಗೊತ್ತಾದದ್ದು ಆಗಲೇ.

ಒಳಗೆ ಗೋಡೆಗೆ ಹೊಸ ಸುಣ್ಣ. ಸ್ಟ್ಯಾಂಡಿನ ಮೇಲೆ, ಅವಳು ಇಲ್ಲೇ ಬಿಟ್ಟುಹೋಗಿದ್ದ ಸ್ಟುಡಿಯೋದ ಹಳೆಯ ಕ್ಯಾಮೆರಾ ಸರಿಯಾಗಿ ನೆಟ್ಟಗೆ ನಿಂತಿತ್ತು. ಅದರ ಪಕ್ಕದಿಂದ ಒಂದು ಕಪ್ಪು ವೈರು ಇಳಿದು ನೆಲದ ಮೇಲೆ ಹರಿದು, ಗುಜರಿಯಲ್ಲಿ ಆರಿಸಿ ತಂದ ಕಬ್ಬಿಣದ ಪೆಡಲಿಗೆ ಸೇರಿತ್ತು.

“ಕಾಲಲ್ಲಿ ಒತ್ತು,” ಎಂದ ತಮ್ಮ, ಎಲ್ಲೋ ನೋಡುತ್ತ. “ಫೋಟೋ ಬೀಳುತ್ತೆ. ಕೈ ಗಿರಾಕಿ ಕಾಲರ್‌ಗೆ ಬೇಕಲ್ಲ. ಮೊಬೈಲ್ ರಿಪೇರಿಯವನಿಗೆ ಇಲ್ಲ ಅಂತ ಹೇಳಿ ಕಳಿಸಿದೆ.”

ಅಕ್ಕ ಕ್ಯಾಮೆರಾದ ಹಿಂದೆ ಹೋಗಿ ನಿಂತಳು. ಪೆಡಲನ್ನು ನೋಡಿದಳು.

“ಬಲಗಾಲಿಗೆ ಇಟ್ಟಿದೀಯಲ್ಲೋ,” ಎಂದಳು. “ಅದಕ್ಕೆ ಅಷ್ಟು ಜೋರಿಲ್ಲ. ಎಡಗಡೆಗೆ ತಾ.”

ತಮ್ಮ ಹಣೆ ಚಚ್ಚಿಕೊಂಡು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಅವಳ ಕಾಲ ಬಳಿ ಮಂಡಿಯೂರಿ ಕೂತ.